ಬಾರ್ಬಿಗೆ ಕೊಡವ ಸೀರೆ

ಆಗಸ್ಟ್ ಮಳೆಯಲ್ಲಿ ಕೊಡಗಿಗೆ ಯಾರಾದ್ರೂ ಹೋಗ್ತಾರಾ ಅಂತ ಅಮ್ಮ ಬೈದರು. ಆದರೂ ಹೊರಟೆವು. ನಾನು, ಅಕ್ಕ, ಅಕ್ಕನ ಆರು ವರ್ಷದ ಮಗಳು ಪುಟ್ಟಿ, ಮತ್ತೆ ಅವಳ ಬಾರ್ಬಿ. ಹುಣಸೂರು ದಾಟಿ ಆನೆಚೌಕೂರು ಕಾಡಿನ ದಾರಿ ಹಿಡಿದೆವು. ಒಂದು ಆನೆಯೂ ಕಾಣಲಿಲ್ಲ. ತಿತಿಮತಿಯಲ್ಲಿ ಕಾಫಿಗೆ ಇಳಿದಾಗ ಬಾರ್ಬಿ ಕೆಸರಿಗೆ ಬಿದ್ದಳು, ಗೌನ್ ಕಥೆ ಮುಗಿಯಿತು. ಅಲ್ಲಿಂದ ಗೋಣಿಕೊಪ್ಪದವರೆಗೂ ಪುಟ್ಟಿಯ ಅಳುವೇ ಅಳು.

ವಿರಾಜಪೇಟೆ ಗಡಿಯಾರ ಕಂಬದ ಹತ್ತಿರ ಒಂದು ಫ್ಯಾನ್ಸಿ ಸ್ಟೋರ್‌ಗೆ ನುಗ್ಗಿ, ಗೊಂಬೆಗೆ ಬಟ್ಟೆ ಸಿಗುತ್ತಾ ಅಂತ ಕೇಳಿದೆ. ಅಂಗಡಿಯವರು ನಕ್ಕರು. "ನಾನಿದ್ದ ಕಾಲದ ಸೌದಿಯ ಜೆಡ್ಡಾದಲ್ಲಾಗಿದ್ರೆ ನೀವು ಇದನ್ನ ಹೀಗೆ ಎತ್ತಿ ತೋರಿಸ್ತಿರಲಿಲ್ಲ ಮೇಡಂ" ಅಂದರು. ಊರಿಗೆ ಬಂದು ಅಂಗಡಿ ಹಾಕೋ ಮೊದಲು ಅಲ್ಲಿನ ಆಟಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. 2003ರಲ್ಲಿ ಸೌದಿಯ ಧಾರ್ಮಿಕ ಪೊಲೀಸರು ಬಾರ್ಬಿಯನ್ನ 'ಯಹೂದಿ ಗೊಂಬೆ' ಅಂತ ಕರೆದು, ಇದರಿಂದ ನಮ್ಮ ನಡತೆ ಕೆಡುತ್ತೆ ಅಂದಿದ್ದರು. ಅದೇ ವರ್ಷದ ಕೊನೆಗೆ ಬಾರ್ಬಿಗೆ ಬದಲಾಗಿ ಫುಲ್ಲಾ ಅನ್ನೋ ಗೊಂಬೆ ಬಂದಳು. ಅದು ಅಲ್ಲಿನ ಒಂದು ಮಲ್ಲಿಗೆಯ ಹೆಸರು. ಸೌದಿಯಲ್ಲಿ ಮಾರುತ್ತಿದ್ದ ಫುಲ್ಲಾಗೆ ಕಪ್ಪು ಅಬಾಯಾ (ಮೈ ಮುಚ್ಚುವ ನಿಲುವಂಗಿ), ಅಷ್ಟು ಬಿಗಿ ಇಲ್ಲದ ದೇಶಗಳಲ್ಲಿ ಬಿಳಿ ಸ್ಕಾರ್ಫು, ತೆಳು ಬಣ್ಣದ ಕೋಟು. "ಮಕ್ಕಳು ಡಬ್ಬಿ ತೆರೆದ ತಕ್ಷಣ ಮೊದಲು ಬಿಚ್ಚೋದೇ ಅಬಾಯಾ. ಒಳಗೆ ಬಣ್ಣಬಣ್ಣದ ಬಟ್ಟೆ ಇರ್ತಿತ್ತಲ್ಲ!"

ಬಟ್ಟೆ ಸಿಗಲಿಲ್ಲ. ಒಂದು ಪ್ಯಾಕೆಟ್ ಸೇಫ್ಟಿ ಪಿನ್ ಕೊಂಡು ಬಂದೆವು.

ರಾತ್ರಿ ಹೋಮ್‌ಸ್ಟೇಯಲ್ಲಿ ಕರೆಂಟಿಲ್ಲ. ಮೊಬೈಲ್‌ನಲ್ಲಿ ಚಾರ್ಜ್ ಇರೋವರೆಗೂ ಇದನ್ನೇ ಓದುತ್ತಾ ಕೂತೆ. ಬಾರ್ಬಿಯನ್ನ 1959ರಲ್ಲಿ ತಂದ ಅಮೆರಿಕದ ರೂತ್ ಹ್ಯಾಂಡ್ಲರ್ ಯಹೂದಿ ಮನೆತನದವರು, ನಿಜ. ಆದರೆ ಅವರು ನೋಡಿ ಮಾಡಿದ್ದು ಜರ್ಮನಿಯ ಲಿಲ್ಲಿ ಅನ್ನೋ ಗೊಂಬೆಯನ್ನ! ಇರಾನ್ 1996ರಲ್ಲೇ ಬಾರ್ಬಿ ಬೇಡ ಅಂದಿತ್ತು. 2002ರಲ್ಲಿ ಅಲ್ಲಿನ ಸರ್ಕಾರದ ಮಕ್ಕಳ ಸಂಸ್ಥೆಯೇ ಸಾರಾ, ದಾರಾ ಅಂತ ಹುಡುಗಿ-ಹುಡುಗನ ಅವಳಿ ಗೊಂಬೆಗಳನ್ನ ಮಾರುಕಟ್ಟೆಗೆ ಬಿಟ್ಟಿತು. ಪಾಶ್ಚಾತ್ಯರ ಗೊಂಬೆಗೆ ಎದುರಾಗಿ ನಿಂತ ಈ ಜೋಡಿ ತಯಾರಾಗಿದ್ದು ಚೀನಾದಲ್ಲಿ. ಹತ್ತು ವರ್ಷ ಆದ್ಮೇಲೆ, 2012ರಲ್ಲೂ, ಬಾರ್ಬಿ ಮಾರುವ ಅಂಗಡಿಗಳಿಗೆ ಪೊಲೀಸರು ಬೀಗ ಹಾಕಿಸುತ್ತಿದ್ದರು ಅಂದರೆ ಸಾರಾ ಎಷ್ಟು ಗೆದ್ದಳು ಅಂತ ನೀವೇ ಲೆಕ್ಕ ಹಾಕಿ. ನಮ್ಮಲ್ಲೂ 2020ರಲ್ಲಿ ಹೊರಗಿನ ಆಟಿಕೆಗಳ ಸುಂಕ 20ರಿಂದ 60 ಪರ್ಸೆಂಟಿಗೆ ಏರಿತು, ಆದರೆ ಅದು ವ್ಯಾಪಾರದ ಲೆಕ್ಕ, ಗೊಂಬೆಯ ಸ್ಕರ್ಟಿನ ಉದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬಾರ್ಬಿ ಬೇಡ ಅಂದವರ ಭಯ ಪೂರ್ತಿ ಸುಳ್ಳು ಅಂತಲೂ ನಾನು ಹೇಳಲ್ಲ. ನನ್ನ ಕೂದಲು ಯಾಕೆ ಹಳದಿ ಇಲ್ಲ ಅಂತ ಪುಟ್ಟಿ ಒಂದಿನ ಕನ್ನಡಿ ಮುಂದೆ ಅತ್ತಿದ್ದು ನನಗೆ ನೆನಪಿದೆ. ಆದರೆ ಅದಕ್ಕೆ ಪೊಲೀಸರು ಬರಬೇಕಾ?

ಬೆಳಿಗ್ಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ತಿನ್ನುವಾಗ ಹೋಮ್‌ಸ್ಟೇ ಆಂಟಿ ಬಾರ್ಬಿಯ ಅವಸ್ಥೆ ನೋಡಿದರು. ಒಳಗೆ ಹೋಗಿ ಹಳೇ ರೇಷ್ಮೆ ಕುಪ್ಪಸದ ತುಂಡೊಂದು ತಂದರು. ಮಳೆ ಹೊಡೀತಾನೇ ಇತ್ತು, ಎಲ್ಲೂ ಹೋಗೋ ಹಾಗಿರಲಿಲ್ಲ, ಆಂಟಿ ಜಗಲಿಯಲ್ಲಿ ಕೂತು ಕೊಡವ ಸೀರೆ ಉಡಿಸೋಕೆ ಶುರು ಮಾಡಿದರು. ನೆರಿಗೆ ಹಿಂದಕ್ಕೆ, ಸೆರಗು ಮುಂದಿನಿಂದ ತಂದು ಬಲ ಹೆಗಲಿಗೆ ಪಿನ್. ಅಲ್ಲೇ ಬಂತು ತೊಂದರೆ. ಆ ಸೊಂಟ ಎಷ್ಟು ಸಣ್ಣ ಅಂದ್ರೆ ನೆರಿಗೆ ನಿಲ್ಲಲೇ ಇಲ್ಲ. ಸಿಕ್ಕಿಸಿದಷ್ಟೂ ಜಾರುತ್ತಿತ್ತು.

"ಇವಳಿಗೆ ಊಟ ಹಾಕ್ತೀರೋ ಇಲ್ವೋ?" ಅಂತ ಆಂಟಿ ಪುಟ್ಟಿಯನ್ನ ಕೇಳಿದರು. ಕೊನೆಗೆ ಸೊಂಟಕ್ಕೆ ಹತ್ತಿ ಸುತ್ತಿ ದಪ್ಪ ಮಾಡಿ, ಮೇಲೆ ಸೀರೆ ಬಿಗಿದರು. ತಲೆಗೊಂದು ವಸ್ತ್ರ. ಹಳದಿ ಕೂದಲು ಮುಚ್ಚಿಹೋಯಿತು. ಪುಟ್ಟಿ ಚಕಾರ ಎತ್ತಲಿಲ್ಲ.

ವಾಪಸ್ ಬರುವಾಗ ಆನೆಚೌಕೂರು ದಾಟುವ ಹೊತ್ತಿಗೆ ಸೀರೆ ಬಿಚ್ಚಿಹೋಗಿತ್ತು, ಬಾರ್ಬಿ ಅದನ್ನೇ ಹೊದ್ದು ಮಲಗಿದ್ದಳು. "ಅಮ್ಮಾ, ಮನೇಲಿರೋ ಕೆನ್‌ಗೆ ಕುಪ್ಯ ಹೊಲಿದು ಕೊಡ್ತೀಯಾ?" ಅಂತ ಪುಟ್ಟಿ ಕೇಳಿದಳು. ಕೆನ್ ಅಂದ್ರೆ ಬಾರ್ಬಿಯ ಜೊತೆಗಾರ ಗೊಂಬೆ, ಕುಪ್ಯ ಅಂದ್ರೆ ಕೊಡವ ಗಂಡಸರ ನಿಲುವಂಗಿ. ಗುಂಡಿ ಹೊಲಿಯೋಕೂ ಬಾರದ ನಮ್ಮಕ್ಕ ಆನೆ ಹುಡುಕುವವಳ ಥರ ಕಿಟಕಿ ಕಡೆ ತಿರುಗಿದಳು.