ನಲವತ್ತು ದಿನ ಬಾಡು ಬಿಟ್ಟರೆ ಏನು ಪುಣ್ಯ?

ದಾವಣಗೆರೆಯಲ್ಲಿ ಬಿಸಿಲು ಏರತೊಡಗಿದೊಡನೆ ಕಥೋಲಿಕ ಕ್ರೈಸ್ತನಾದ ನನ್ನ ಹೊಲಿಗೆ ಅಂಗಡಿಗೆ ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ನಲವತ್ತು ದಿನ ನಿಮಗೆ ಬಾಡೂಟ ಬಂದ್ ಅಂತಲ್ರೀ, ಅದ್ರಿಂದ ಏನು ಪುಣ್ಯ?" ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ನಮ್ಮ ತಪಸ್ಸುಕಾಲದ ಬಗ್ಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರ ಮೊಬೈಲಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಲೆಕ್ಕ ಮುಗಿಸುತ್ತೇನೆ. ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸುಕಾಲ ಆರಂಭಿಸುವ ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನಗಳು. ಭಾನುವಾರವು ಕ್ರಿಸ್ತರ ಪುನರುತ್ಥಾನದ ದಿನವಾದ್ದರಿಂದ ಆರು ಭಾನುವಾರಗಳನ್ನು ಕಳೆದರೆ 40. ಕಥೋಲಿಕರಿಗೆ ಉಪವಾಸ ಕಡ್ಡಾಯವಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಮಾತ್ರ. ಮಿಕ್ಕ ಶುಕ್ರವಾರಗಳಲ್ಲಿ ಮಾಂಸ ವರ್ಜ್ಯ. ಇಡೀ ತಪಸ್ಸುಕಾಲ ಬಿಡುವುದು ನಮ್ಮಂಥ ಮನೆಗಳ ರೂಢಿ.

ಒಮ್ಮೆ ಪ್ಯಾಂಟಿನ ಅಳತೆ ಕೊಡಲು ಬಂದಿದ್ದ ಹಿರಿಯರೊಬ್ಬರು ನನ್ನ ಹಣೆಯ ಮೇಲಿನ ಬೂದಿಯನ್ನು ನೋಡಿ, "ನಾವು ಹುಟ್ಟಿದಾಗಿನಿಂದ ಬಾಡನ್ನ ಮುಟ್ಟಿಲ್ಲ ಬಿಡಪ್ಪಾ, ನಲವತ್ತು ದಿನಕ್ಕೆ ಇಷ್ಟೆಲ್ಲ ಯಾಕೆ?" ಎಂದರು. ಅವರ ಊಟದ ಬಗ್ಗೆ ನನಗೆ ಗೌರವವಿದೆ. ಆದರೆ ಮಾಂಸ ಮೈಲಿಗೆಯೆಂದು ನಾವು ಬಿಡುತ್ತೇವೆ ಎಂದುಕೊಂಡೇ ಅವರು ಮಾತಾಡಿದ್ದು ನನಗೆ ಸೇರಲಿಲ್ಲ. ದೇವರು ಕೊಟ್ಟ ಅನ್ನದಲ್ಲಿ ಕೊಳಕೆಂಬುದಿಲ್ಲ. ಅದು ಒಳ್ಳೆಯದು, ನಮಗೆ ಇಷ್ಟವಾದದ್ದು, ಆದ್ದರಿಂದಲೇ ಬಿಡುತ್ತೇವೆ. ಕೆಟ್ಟದ್ದನ್ನು ಬಿಡುವುದಕ್ಕೆ ವರ್ಷದ ಯಾವ ದಿನವಾದರೂ ಆದೀತು.

ಬಿಟ್ಟದ್ದು ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಬೈಬಲಿನ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ದಾನಧರ್ಮ, ಪ್ರಾರ್ಥನೆ, ಉಪವಾಸ ಮೂರನ್ನೂ ಒಟ್ಟಿಗೆ ಹೇಳುತ್ತಾರೆ, ದಾನವನ್ನೇ ಮೊದಲು ಹೇಳುತ್ತಾರೆ. ನಮ್ಮ ಮನೆಯಲ್ಲಿ ಕೋಳಿಗೆ ಖರ್ಚಾಗಬೇಕಿದ್ದ ದುಡ್ಡನ್ನು ಹೆಂಡತಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿರುವ ಸ್ಟೀಲ್ ಡಬ್ಬಿಗೆ ಹಾಕುತ್ತಾಳೆ, ಪಾಸ್ಖ ಹಬ್ಬಕ್ಕೆ ಮುಂಚೆ ಅದು ಬೇರೊಂದು ಮನೆ ಸೇರುತ್ತದೆ. ಯಾರ ಮನೆಯೆಂದು ಬರೆಯುವುದಿಲ್ಲ; ದಾನವನ್ನು ಗುಟ್ಟಾಗಿ ಮಾಡಬೇಕೆಂದು ಅದೇ ಅಧ್ಯಾಯ ಹೇಳುತ್ತದೆ.

ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ: "ನಿನ್ನ ಉಪವಾಸದಿಂದ ನಿನ್ನ ಅಂಗಡಿಯಲ್ಲಿ ದುಡಿಯುವವನಿಗೆ ಏನು ಸಿಕ್ಕಿತು?" ಇದು ನಾನು ಹುಟ್ಟಿಸಿದ ಪ್ರಶ್ನೆಯಲ್ಲ. ಬೂದಿ ಬುಧವಾರದ ನಂತರದ ಶುಕ್ರವಾರ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಪ್ರವಾದಿ ಯೆಶಾಯನ 58ನೇ ಅಧ್ಯಾಯವನ್ನು ಓದುತ್ತಾರೆ. ಉಪವಾಸದ ದಿನವೇ ಕೆಲಸದವರನ್ನು ಹಿಂಡುವವರ ಮೇಲೆ ದೇವರು ಅಲ್ಲಿ ಸಿಟ್ಟಾಗುತ್ತಾನೆ. ಹಸಿದವನಿಗೆ ಅನ್ನ ಹಂಚು, ನೊಗವನ್ನು ಮುರಿ, ನನಗೆ ಬೇಕಾದ ಉಪವಾಸ ಅದೇ ಎನ್ನುತ್ತಾನೆ.

2025ರಲ್ಲಿ ಈ ಓದು ನೇರವಾಗಿ ನನಗೇ ತಾಗಿತು. ಆ ವರ್ಷ ರಂಜಾನ್ ತಿಂಗಳು ಆರಂಭವಾದ ಕೆಲವೇ ದಿನಗಳಿಗೆ ನಮ್ಮ ತಪಸ್ಸುಕಾಲವೂ ಆರಂಭವಾಯಿತು. ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ಈದ್. ಎರಡೂ ಹಬ್ಬದ ಬಟ್ಟೆ ಒಟ್ಟಿಗೆ ಬಿದ್ದಿದ್ದವು, ಕತ್ತರಿಸಿದ ಪೀಸುಗಳು ಮೇಜಿನ ಕೆಳಗೂ ರಾಶಿಯಾಗಿದ್ದವು. ಕಾಜಾ-ಗುಂಡಿ ಮಾಡುವ ಹುಡುಗ ರೋಜಾ ಇದ್ದ. ನೀರನ್ನೂ ಮುಟ್ಟದೆ ಆ ಸೆಕೆಯಲ್ಲಿ ಇಸ್ತ್ರಿಪೆಟ್ಟಿಗೆಯ ಪಕ್ಕ ಕೂತವನನ್ನು ರಾತ್ರಿಯವರೆಗೆ ದುಡಿಸಿಕೊಂಡು, ನಾನು ಮಾಂಸ ಬಿಟ್ಟಿದ್ದೇನೆಂದು ದೇವರ ಮುಂದೆ ಮೊಣಕಾಲೂರುವುದಾದರೂ ಹೇಗೆ? ಸಂಜೆಯ ಆಜಾನಿಗೆ ಮುಂಚೆ ಅವನು ಮನೆಗೆ ಹೊರಡಬೇಕು, ಕೂಲಿ ವಾರಕ್ಕಲ್ಲ, ಅಂದಂದೇ ಕೈಸೇರಬೇಕು ಎಂದು ಗೊತ್ತುಮಾಡಿದೆ. ತಡವಾದ ಬಟ್ಟೆಗಾಗಿ ಗಿರಾಕಿಗಳಿಂದ ಬೈಸಿಕೊಂಡೆ. ಆ ಬೈಗುಳವೂ ನನ್ನ ತಪಸ್ಸಿನದೇ ಭಾಗವೆಂದು ಈಗಲೂ ನಂಬುತ್ತೇನೆ.

ಈ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟರೆ ಮುಗಿಯುವುದಿಲ್ಲ. ನೂಲು, ಗುಂಡಿ, ಕ್ಯಾನ್ವಾಸು ಎಲ್ಲಕ್ಕೂ ಬೆಲೆ ಏರಿದೆಯೆಂದು ಹೊಲಿಗೆಯ ದರವನ್ನು ಏರಿಸಿದ್ದೇನೆ. ಕಾಜಾ-ಗುಂಡಿಯ ಕೂಲಿಯನ್ನೂ ಈ ಯುಗಾದಿಯೊಳಗೆ ಏರಿಸಬೇಕು.