"ಸಂಘ ಕಟ್ಟಿಕೊಂಡು ರೇಟ್ ಏರಿಸ್ತೀರಾ?" ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪುಣೆಯಲ್ಲಿ ಹೌಸ್‌ಕೀಪಿಂಗ್ ಕಾಂಟ್ರಾಕ್ಟ್ ಮಾಡುವ ಸಣ್ಣವರು ಕೆಲವರು ಸೇರಿ ಸಂಘ ಮಾಡಿಕೊಂಡಿದ್ದೇವೆ. ವಾಕಡ್, ಹಿಂಜವಡಿ, ಚಿಂಚವಡ ಕಡೆಯ ಹೌಸಿಂಗ್ ಸೊಸೈಟಿಗಳು, ಸಣ್ಣ ಆಫೀಸುಗಳು ನಮ್ಮ ಗಿರಾಕಿಗಳು. ನಮ್ಮಲ್ಲಿ ಇಂಡಿ, ಆಳಂದ, ಅಫಜಲಪುರ ಕಡೆಯವರು ಜಾಸ್ತಿ. ಸಭೆ ಮರಾಠಿಯಲ್ಲಿ ಶುರುವಾದರೂ ದುಡ್ಡಿನ ಮಾತು ಬಂದಾಗ ಕನ್ನಡಕ್ಕೆ ಹೊರಳುತ್ತದೆ.

ಊರ ಕಡೆಯ ಹುಡುಗರು ಕೇಳುತ್ತಾರೆ, "ಕಾಕಾ, ಒಬ್ಬರ ಕೆಲಸ ಒಬ್ಬರು ಕಸಗೊಳ್ಳೋರು ನೀವು. ಒಂದೇ ಕಡೆ ಹೆಂಗ ಕೂಡ್ತೀರಿ?" ಸೊಸೈಟಿ ಸೆಕ್ರೆಟರಿಗಳದ್ದು ಇನ್ನೊಂದು ಅನುಮಾನ, "ಎಲ್ಲ ಸೇರಿ ರೇಟ್ ಏರಿಸ್ತೀರಿ, ಅಲ್ವಾ?"

ರೇಟ್ ಏರಿಸೋದಿಲ್ಲ. ಹಾಗೆ ಮಾಡೋಕೆ ಬರೋದೂ ಇಲ್ಲ. ಎಲ್ಲರೂ ಮಾತಾಡಿಕೊಂಡು ದರ ಕಟ್ಟುವುದು, ಟೆಂಡರ್ ಹಂಚಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಸಂಘದ ಹೆಸರಲ್ಲಿ ಮಾಡಿದರೂ ಅಷ್ಟೇ. ಇದೇ ಪುಣೆ ಮಹಾನಗರಪಾಲಿಕೆಯ ಕಸ ಸಂಸ್ಕರಣಾ ಘಟಕಗಳ ಟೆಂಡರ್‌ನಲ್ಲಿ ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡವರಿಗೆ ಸ್ಪರ್ಧಾ ಆಯೋಗ 2018ರಲ್ಲಿ ದಂಡ ಹಾಕಿತು. ಯಾರ ಕೋಟೇಶನ್ ಎಷ್ಟು ಅನ್ನುವ ಮಾತು ನಮ್ಮ ಸಭೆಯಲ್ಲಿ ಎತ್ತುವ ಹಾಗಿಲ್ಲ.

ನಾವು ಹಿಡಿದು ಕೂತಿರುವುದು ಬೇರೆ ಲೆಕ್ಕ. ಉದಾಹರಣೆಗೆ ಕಸ ಗುಡಿಸುವ ಒಬ್ಬ ಅಕ್ಕನ ಸಂಬಳ ತಿಂಗಳಿಗೆ 15,000 ಅಂದುಕೊಳ್ಳಿ. ಅದರ ಮೇಲೆ ಮಾಲೀಕ ಕಟ್ಟುವ ಪಿಎಫ್ ಶುಲ್ಕವೆಲ್ಲ ಸೇರಿ 13 ಪರ್ಸೆಂಟ್, ಅಂದರೆ 1,950. ಇಎಸ್‌ಐ ಅಂದರೆ ಕಾರ್ಮಿಕರ ಆರೋಗ್ಯ ವಿಮೆ 3.25 ಪರ್ಸೆಂಟ್, ಸುಮಾರು 488. ಬೋನಸ್ 8.33 ಪರ್ಸೆಂಟ್, 1,250 ಹತ್ತಿರ. ಒಟ್ಟು 18,688. ಇದರಲ್ಲಿ ಯೂನಿಫಾರ್ಮ್ ಇಲ್ಲ, ಫಿನಾಯಿಲ್ ಇಲ್ಲ, ವಾರದ ರಜೆಗೆ ಬರುವ ಬದಲಿ ಆಳಿಲ್ಲ, ಕಾಂಟ್ರಾಕ್ಟರ್‌ಗೆ ಒಂದು ರೂಪಾಯಿ ಇಲ್ಲ. ಇಷ್ಟಿರುವಾಗ ಒಬ್ಬ ಬಂದು "ಎಲ್ಲ ಸೇರಿ 16,500ಕ್ಕೆ ಮಾಡಿಕೊಡ್ತೀನಿ" ಅಂದರೆ ಉಳಿದ ದುಡ್ಡು ಎಲ್ಲಿಂದ ಬರುತ್ತದೆ? ಆ ಅಕ್ಕನ ಪಿಎಫ್‌ನಿಂದ ಬರುತ್ತದೆ, ಅವಳ ಬೋನಸ್‌ನಿಂದ ಬರುತ್ತದೆ. 20 ಜನರಾದರೆ ಪಿಎಫ್ ಕಡ್ಡಾಯ ಅಂತ ಎಷ್ಟೋ ಕಡೆ ಹಾಜರಿ ಪುಸ್ತಕ 19ಕ್ಕೇ ನಿಂತುಬಿಡುತ್ತದೆ, ಇಪ್ಪತ್ತನೆಯವಳು ಕೈಗೆ ಸಂಬಳ ತಗೊಂಡು ಹೋಗುತ್ತಾಳೆ.

ಮಹಾರಾಷ್ಟ್ರದಲ್ಲಿ ಆರು ತಿಂಗಳಿಗೊಮ್ಮೆ ತುಟ್ಟಿಭತ್ಯೆ ಬದಲಾದಾಗ ಕಾನೂನು ಹೇಳುವ ಈ ಖರ್ಚಿನ ಹಾಳೆಯನ್ನು ಸಂಘ ಹೊಸದಾಗಿ ಬರೆದು ಸೊಸೈಟಿಗಳಿಗೆ ಕೊಡುತ್ತದೆ. ಅದರ ಮೇಲೆ ಎಷ್ಟು ಲಾಭ ಇಟ್ಟುಕೊಳ್ಳಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು. ಸ್ಪರ್ಧೆ ಅಲ್ಲಿ ನಡೆಯಲಿ, ಗುಡಿಸುವವಳ ಸಂಬಳದಲ್ಲಿ ಬೇಡ.

ಇನ್ನು ಬಾಕಿ ಬಿಲ್ಲು. ಜಿಎಸ್‌ಟಿ ನಾವು ಮರುತಿಂಗಳೇ ಕಟ್ಟಬೇಕು, ಗಿರಾಕಿ ದುಡ್ಡು ಕೊಡುವುದು ಮೂರು ತಿಂಗಳಿಗೆ. ಸಣ್ಣ ಉದ್ಯಮದವರ ಬಿಲ್ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ 2006ರಿಂದ ಕಾನೂನಿದೆ. ಒಬ್ಬನೇ ಹೋಗಿ ಅದನ್ನು ಹೇಳಿದರೆ ಮುಂದಿನ ವರ್ಷ ಕಾಂಟ್ರಾಕ್ಟ್ ಇರುವುದಿಲ್ಲ. ಸಂಘದ ಲೆಟರ್‌ಹೆಡ್ ಮೇಲೆ ಪತ್ರ ಹೋದರೆ ಬೈಗುಳ ಒಬ್ಬನ ತಲೆಗೆ ಬರುವುದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಸೆಪ್ಟಿಕ್ ಟ್ಯಾಂಕಿನ ವಿಷಯ. ಫೋನ್ ಬರುತ್ತದೆ: "ಟ್ಯಾಂಕ್ ಕಟ್ಟಿಕೊಂಡಿದೆ, ಇಬ್ಬರು ಹುಡುಗರನ್ನ ಕಳಿಸಿ, ಅರ್ಧ ಗಂಟೆ ಕೆಲಸ." ಒಳಗಿನ ಗ್ಯಾಸ್ ಮೊದಲು ಕೊಳೆತ ಮೊಟ್ಟೆ ಥರ ನಾರುತ್ತದೆ. ಜಾಸ್ತಿ ಆದಾಗ ಮೂಗಿಗೆ ಆ ವಾಸನೆಯೂ ತಿಳಿಯುವುದಿಲ್ಲ. ಮೊದಲನೆಯವನು ಕುಸಿದುಬಿದ್ದ ಅಂತ ಎತ್ತಲು ಇಳಿದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ. ರಕ್ಷಣಾ ಸಾಧನ ಇಲ್ಲದೆ ಆಳನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಜೈಲಿಗೆ ಕಳಿಸುವ ಅಪರಾಧ. ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇಷ್ಟಾದರೂ "ಆಗಲ್ಲ, ಸಕ್ಷನ್ ಟ್ಯಾಂಕರ್ ತರಿಸಿ" ಅಂದರೆ ಬರುವ ಉತ್ತರ ಒಂದೇ: "ನೀವಲ್ಲದಿದ್ದರೆ ಇನ್ನೊಬ್ಬ." ಆ ಇನ್ನೊಬ್ಬನೂ ಆಗಲ್ಲ ಅನ್ನಬೇಕು. ನನ್ನ ಮಟ್ಟಿಗೆ ಇದೊಂದಕ್ಕಾದರೂ ಸಂಘ ಬೇಕೇ ಬೇಕು.

ಹುಡುಗರ ಪ್ರಶ್ನೆಗೆ ಬರುತ್ತೇನೆ. ಮುಂಬೈಯಲ್ಲಿ ನಮ್ಮ ಕರಾವಳಿಯ ಹೋಟೆಲಿನವರನ್ನು ನೋಡಿ. ಎದುರುಬದುರು ಹೋಟೆಲ್ ಇಟ್ಟವರೇ ಆಹಾರ್ ಸಂಘದಲ್ಲಿ ಒಟ್ಟಿಗೆ ಕೂರುತ್ತಾರೆ, ಲೈಸೆನ್ಸು, ತೆರಿಗೆ ಅಂತ ಸರ್ಕಾರದ ಮುಂದೆ ಒಟ್ಟಿಗೆ ಹೋಗುತ್ತಾರೆ. ದೋಸೆ ಬೆಲೆ ಅವರವರದೇ. ಪುಣೆಯಲ್ಲಿ ಕಸ ಆಯುವ ಹೆಂಗಸರು 1993ರಲ್ಲೇ ಸಂಘಟನೆ ಕಟ್ಟಿದರು. ಅದರಿಂದ ಹುಟ್ಟಿದ ಸ್ವಚ್ಛ್ ಸಹಕಾರಿ ಸಂಸ್ಥೆ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಒಯ್ಯುತ್ತದೆ. ಅವರಿಗೆ ಆಗಿದ್ದು ನಮಗೆ ಆಗೋದಿಲ್ವಾ?

ಸಂಘ ನೋಂದಾಯಿಸಲು ಏಳು ಜನ ಸಾಕು. ನಮ್ಮಲ್ಲಿ ಸೇರಬೇಕು ಅನ್ನುವವರು ಸಂಬಳ ಬ್ಯಾಂಕಿಗೆ ಹಾಕಿದ ಕಾಗದ ತರಬೇಕು, ಪಿಎಫ್, ಇಎಸ್‌ಐ ಅನ್ವಯಿಸುವವರು ಅದರ ಚಲನ್ ತರಬೇಕು, ಟ್ಯಾಂಕಿಗೆ ಆಳು ಇಳಿಸುವುದಿಲ್ಲ ಅಂತ ಬರೆದು ಸಹಿ ಮಾಡಬೇಕು. ನಿಮ್ಮ ಹತ್ತಿರ ನಾಲ್ಕೇ ಜನ ಕೆಲಸಕ್ಕಿದ್ದರೂ ಬನ್ನಿ.