ಕಕ್ಕಡದ ಆಕಾಶದಲ್ಲಿ ಎರಡು ಗಾಳಿ

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಮಡಿಕೇರಿಯ ಮಳೆ ಬಿಡುವು ಕೊಡುವುದೇ ಅಪರೂಪ; ಕೊಟ್ಟ ದಿನ ನಾನು ಮೋಡಗಳ ದಿಕ್ಕನ್ನು ಗಮನಿಸುತ್ತೇನೆ. ತೋಟದ ಮರಗಳ ತುದಿ ಸವರಿಕೊಂಡು ಹೋಗುವ ಮೋಡ ಪೂರ್ವಕ್ಕೆ ಓಡುತ್ತಿದ್ದರೆ, ಅದರ ಸೀಳಿನಲ್ಲಿ ಕಾಣುವ, ಬಹಳ ಎತ್ತರದ ನಾರಿನಂಥ ಮೋಡ ಪಶ್ಚಿಮಕ್ಕೆ ಸಾಗುತ್ತಿರುತ್ತದೆ. ಕೆಳಗಿನದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಬಿರುಸಾಗುವ ಮುಂಗಾರಿನ ಪಡುವಣ ಗಾಳಿ, ಮೇಲಿನದು ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದ, 14ರಿಂದ 16 ಕಿ.ಮೀ. ಎತ್ತರದ ಮೂಡಣ ಜೆಟ್ ಗಾಳಿ, ಅಂದರೆ ಪೂರ್ವದಿಂದ ರಭಸವಾಗಿ ಹರಿಯುವ ಗಾಳಿಯ ಹೊಳೆ.

ಈ ಎದುರುಬದುರು ಗಾಳಿಗಳ ಚಿತ್ರ ಗಣಿತದಲ್ಲೂ ಸಿಗುತ್ತದೆ. ವಾಯುಮಂಡಲದ ಚಲನೆಯ ಸಮೀಕರಣಗಳಲ್ಲಿ ಎತ್ತರ, ಅಕ್ಷಾಂಶ, ರೇಖಾಂಶ, ಕಾಲ ನಾಲ್ಕೂ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ನೆಲ ಸಮತಟ್ಟು, ಮೂಲ ತಾಪಮಾನ ಎತ್ತರಕ್ಕೆ ತಕ್ಕಂತೆ ಮಾತ್ರ ಬದಲಾಗುತ್ತದೆ, ನಿಶ್ಚಲ ಗಾಳಿಯಲ್ಲಿ ಏಳುವ ಅಲುಗಾಟ ಚಿಕ್ಕದು ಎಂದು ಒಪ್ಪಿಕೊಂಡರೆ ಎತ್ತರದ ಪಾಲನ್ನು ಬೇರ್ಪಡಿಸಬಹುದು. ಮೇಲೆ ಒಂದು ಮುಚ್ಚಳವನ್ನೂ ಕಲ್ಪಿಸಿಕೊಂಡರೆ, ಎತ್ತರದ ಆ ಸಮೀಕರಣಕ್ಕೆ ಬಿಡಿಬಿಡಿಯಾದ ಕೆಲವು ಆಕೃತಿಗಳು, ಅಂದರೆ ಕೆಳಗಿನಿಂದ ಮೇಲಕ್ಕೆ ಗಾಳಿ ಬದಲಾಗುವ ಕೆಲವು ಬಗೆಗಳು, ಮಾತ್ರ ಪರಿಹಾರವಾಗಿ ಒದಗುತ್ತವೆ. ಪ್ರತಿ ಆಕೃತಿಗೂ ಒಂದು ‘ಸಮಾನ ಆಳ’ ಇರುತ್ತದೆ, ಮತ್ತು ಆ ಆಕೃತಿಯ ಗಾಳಿ ಅಷ್ಟು ಆಳದ ನೀರಿನ ಪದರದಂತೆಯೇ ವರ್ತಿಸುತ್ತದೆ. ಆಳವನ್ನು ಗುರುತ್ವದಿಂದ ಗುಣಿಸಿ ವರ್ಗಮೂಲ ತೆಗೆದರೆ ಅಲೆಯ ವೇಗ ಸಿಗುತ್ತದೆ. ಎಲ್ಲ ಎತ್ತರದಲ್ಲೂ ಒಂದೇ ದಿಕ್ಕಿಗೆ ತೂಗುವ ಆಕೃತಿಯ ಆಳ ಸುಮಾರು 10 ಕಿ.ಮೀ., ವೇಗ ಸೆಕೆಂಡಿಗೆ 310 ಮೀಟರ್‌ನಷ್ಟು. 2022ರ ಜನವರಿಯಲ್ಲಿ ಟೊಂಗಾದ ಜ್ವಾಲಾಮುಖಿ ಸಿಡಿದಾಗ ಭೂಮಿಯನ್ನೇ ಸುತ್ತಿಬಂದ ಒತ್ತಡದ ಅಲೆ ಈ ಬಗೆಯದು. ಕೆಳಗೊಂದು ದಿಕ್ಕು, ಮೇಲೆ ಅದರ ವಿರುದ್ಧ, ನಡುವೆ ಒಮ್ಮೆ ಸೊನ್ನೆ ಎಂಬುದು ಮುಂದಿನ ಆಕೃತಿ. ನಮ್ಮ ಕಕ್ಕಡದ ಆಕಾಶ ಸ್ಥೂಲವಾಗಿ ಇದೇ. ಒಣ ಗಾಳಿಯಲ್ಲಿ ಇದರ ಅಲೆಗೆ ಸೆಕೆಂಡಿಗೆ 50 ಮೀಟರ್ ಆಸುಪಾಸಿನ ವೇಗವಿದ್ದರೆ, ಮಳೆಯೊಂದಿಗೆ ಬೆಸೆದ ಅಲೆಗಳು 15ರಿಂದ 20 ಮೀಟರಿಗೆ ಇಳಿಯುತ್ತವೆ, ಏಕೆಂದರೆ ಮೇಲೇರುವ ಗಾಳಿ ತಣಿಯುವಷ್ಟನ್ನು ಆವಿ ನೀರಾಗುವಾಗಿನ ಶಾಖ ಬಹುಪಾಲು ತುಂಬಿಕೊಡುತ್ತದೆ.

ಕೊಡಗಿನಲ್ಲಿ ಕೂತು ಓದುವವನಿಗೆ ‘ನೆಲ ಸಮತಟ್ಟು’ ಎಂಬ ಷರತ್ತು ಮಾತ್ರ ನುಂಗಲಾರದ ತುತ್ತು. ಎತ್ತರದ ಬದಲು ಒತ್ತಡವನ್ನೇ ಅಳತೆಗೋಲಾಗಿ ಹಿಡಿದರೆ ಸಮೀಕರಣಗಳು ಹಗುರಾಗುತ್ತವೆ, ನಿಜ. ಆದರೆ ಮುಂಗಾರಿನ ನಕ್ಷೆಗಳಲ್ಲಿ ಎಲ್ಲರೂ ನೋಡುವ 850 ಹೆಕ್ಟೋಪಾಸ್ಕಲ್ ಒತ್ತಡದ ಮಟ್ಟ (ಸುಮಾರು ಒಂದೂವರೆ ಕಿ.ಮೀ. ಎತ್ತರ), 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಹೊಟ್ಟೆಯೊಳಗೆ ಹಾದುಹೋಗುತ್ತದೆ! ಹವಾಮಾನ ವಿಜ್ಞಾನಿ ನಾರ್ಮನ್ ಫಿಲಿಪ್ಸ್ 1957ರಲ್ಲಿ ಇದಕ್ಕೊಂದು ಸರಳ ಉಪಾಯ ಸೂಚಿಸಿದರು: ಒತ್ತಡವನ್ನು ಅದೇ ಜಾಗದ ನೆಲಮಟ್ಟದ ಒತ್ತಡದಿಂದ ಭಾಗಿಸಿದರೆ, ಬೆಟ್ಟವಿರಲಿ ಕಡಲಿರಲಿ, ನೆಲ ಯಾವಾಗಲೂ 1 ಆಗಿರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಕಡಿದಾದ ಇಳಿಜಾರಿನಲ್ಲಿ ಗಾಳಿಯನ್ನು ತಳ್ಳುವ ಬಲವನ್ನು, ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಹಾಕುವ ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸವಾಗಿ ಲೆಕ್ಕ ಹಾಕಬೇಕಾಗುತ್ತದೆ. ಅಲ್ಲಿ ನುಸುಳಿದ ಸಣ್ಣ ತಪ್ಪು ಇಲ್ಲದ ಗಾಳಿಯನ್ನು ಎಬ್ಬಿಸುತ್ತದೆ. ನಮ್ಮ ಘಟ್ಟದ ಪಡುವಣ ಅಂಚು ಅಂಥ ಇಳಿಜಾರೇ.